ಹತ್ತು ವರ್ಷದಲ್ಲಿ ಏಳೇ ವರ್ಷ ದೊಡ್ಡವನಾದ ಮುತ್ತಜ್ಜ

ಪ್ರಶ್ನೆ: ನನ್ನ ಸೊಸೆ ಅಮೆರಿಕದವಳು. ಅವಳ ಮುತ್ತಜ್ಜ ಜರ್ಮನಿಯಿಂದ ಬಂದು ಬಾಲ್ಟಿಮೋರ್‌ನಲ್ಲಿ ನೆಲೆಸಿದವರು, ಬೇಕರಿ ಕೆಲಸ ಮಾಡುತ್ತಿದ್ದರಂತೆ. ಮೊಮ್ಮಗಳಿಗೆ ವಂಶವೃಕ್ಷ ಮಾಡಿಕೊಡೋಣ ಅಂತ ಹಳೆಯ ಸೆನ್ಸಸ್ ಹುಡುಕಲು ಕೂತೆ. 1900ರಲ್ಲಿ ಅವರಿಗೆ 38 ವರ್ಷ, ಹೆಂಡತಿ, ನಾಲ್ಕು ಮಕ್ಕಳು. 1910ರಲ್ಲಿ ಅದೇ ಹೆಸರಿನವರು ಸಿಕ್ಕರು. ಆದರೆ ವಯಸ್ಸು 45, ಹೆಂಡತಿಯ ಹೆಸರೇ ಬೇರೆ. 1920ರಲ್ಲಿ ಯಾರೂ ಇಲ್ಲ! ಆನ್‌ಲೈನ್‌ನಲ್ಲಿ ಬೇರೆಯವರು ಹಾಕಿರುವ ವಂಶವೃಕ್ಷಗಳಲ್ಲಿ ಒಬ್ಬೊಬ್ಬರದು ಒಂದೊಂದು ಕತೆ. ಎಲ್ಲಿಸ್ ಐಲೆಂಡ್ ಅನ್ನುವ ವಲಸೆ ತಪಾಸಣೆ ಕೇಂದ್ರದಲ್ಲಿ ಅಧಿಕಾರಿಯೊಬ್ಬ ಇವರ ಹೆಸರು ಬದಲಿಸಿದ ಅಂತ ಸೊಸೆಯ ಮನೆಯಲ್ಲಿ ಹೇಳುತ್ತಾರೆ. ಇವರಿಬ್ಬರೂ ಒಬ್ಬರೇನಾ? ಹಳೆಯ ಪತ್ರಿಕೆಗಳಲ್ಲಿ ಏನಾದರೂ ಸಿಗುತ್ತಾ? ಹೀಗೇ ನಮ್ಮ ಕಡೆಯ ಜನಗಣತಿಯಲ್ಲೂ ಹುಡುಕಬಹುದಾ?

ಉತ್ತರ: ಒಬ್ಬರೇ ಅಂತ ನನಗೆ ಹೆಚ್ಚುಕಡಿಮೆ ಖಾತ್ರಿ. ಯಾಕೆ ಅಂತ ಹೇಳುತ್ತೇನೆ. ನೀವು ಕಳಿಸಿದ ಎರಡು ಹಾಳೆಗಳ ಚಿತ್ರಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಮನೆತನದ ಹೆಸರನ್ನು ಮಾತ್ರ ಬದಲಿಸಿ ‘ಶ್ನೈಡರ್’ ಅಂತ ಇಟ್ಟುಕೊಂಡಿದ್ದೇನೆ.

ನೀವು ನೋಡಿರುವುದು ತಾಣದಲ್ಲಿ ಟೈಪ್ ಮಾಡಿ ಕೊಟ್ಟಿರುವ ಸಾರಾಂಶ. ಹೆಸರು, ವಯಸ್ಸು, ಹುಟ್ಟಿದ ದೇಶ, ಸಂಬಂಧ ಇಷ್ಟೇ ಅದರಲ್ಲಿ ಬರುತ್ತದೆ. ಗಣತಿದಾರ ಕೈಯಲ್ಲಿ ಬರೆದ ಮೂಲ ಹಾಳೆಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. 1910ರ ಹಾಳೆಯನ್ನು ದೊಡ್ಡದು ಮಾಡಿ, ಮದುವೆಯ ಕಾಲಂ ನೋಡಿ. ಶ್ನೈಡರ್ ಅವರ ಸಾಲಿನಲ್ಲಿ ‘ಎಂ2’ ಅಂತ ಇದೆ. ಆ ವರ್ಷ ಗಣತಿದಾರರಿಗೆ ಕೊಟ್ಟಿದ್ದ ಸೂಚನೆ ಹಾಗಿತ್ತು. ಮೊದಲ ಮದುವೆಯಾದರೆ ಎಂ1, ಎರಡನೆಯದೋ ಮೂರನೆಯದೋ ಆಗಿದ್ದರೆ ಎಂ2 ಅಂತ ಬರೆಯಬೇಕು. ಹೆಂಡತಿಯ ಸಾಲಿನಲ್ಲಿ ಎಂ1 ಇದೆ. ಅಂದರೆ ಆತನಿಗೆ ಇದು ಎರಡನೇ ಸಂಬಂಧ, ಆಕೆಗೆ ಮೊದಲನೆಯದು.

ಅದರ ಪಕ್ಕದ ಕಾಲಂ ಈ ಮದುವೆಯಾಗಿ ಎಷ್ಟು ವರ್ಷ ಅಂತ. 4 ಅಂತ ಬರೆದಿದೆ. ಮುಂದಿನ ಎರಡು ಕಾಲಂ ಹೆಂಗಸರಿಗೆ ಮಾತ್ರ: ಎಷ್ಟು ಮಕ್ಕಳು ಹುಟ್ಟಿದವು, ಈಗ ಎಷ್ಟು ಬದುಕಿವೆ. ಈಕೆಗೆ ಹುಟ್ಟಿದ್ದು 2, ಬದುಕಿರುವುದು 1. ಆದರೆ ಮನೆಯಲ್ಲಿ 20, 17, 13 ಮತ್ತು 2 ವರ್ಷದ ನಾಲ್ಕು ಮಕ್ಕಳಿದ್ದಾರೆ. ಆಕೆಗೆ 34. ಒಂದು ವಂಶವೃಕ್ಷದಲ್ಲಿ ನಾಲ್ವರನ್ನೂ ಈಕೆಯ ಮಕ್ಕಳು ಅಂತ ಹಾಕಿದ್ದಾರಲ್ಲ, ಹಾಗಾದರೆ ದೊಡ್ಡವನು ಹುಟ್ಟಿದಾಗ ಈಕೆಗೆ 14 ವರ್ಷ ಆಗಿರಬೇಕು! ‘ಮಗ’, ‘ಮಗಳು’ ಅನ್ನುವ ಸಂಬಂಧ ಮನೆಯ ಯಜಮಾನನಿಗೆ ಲೆಕ್ಕ, ಯಜಮಾನಿಗೆ ಅಲ್ಲ. ಇದನ್ನು ಮರೆತು ಮಲತಾಯಿಯನ್ನು ತಾಯಿ ಮಾಡಿಬಿಟ್ಟ ವಂಶವೃಕ್ಷಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನಕಲು ಮಾಡುತ್ತಾ ಹೋಗುತ್ತಾರೆ. ಹತ್ತು ಕಡೆ ಕಂಡಿತು ಅಂದ ಮಾತ್ರಕ್ಕೆ ಹತ್ತು ಸಾಕ್ಷಿ ಆಗುವುದಿಲ್ಲ.

ಈಗ 1900ರ ಹಾಳೆ. ಅಲ್ಲಿ ಮಕ್ಕಳ ವಯಸ್ಸು 12, 10, 7, 3. ಆ ಗಣತಿಯ ಲೆಕ್ಕ ಜೂನ್ 1ಕ್ಕೆ, 1910ರದ್ದು ಏಪ್ರಿಲ್ 15ಕ್ಕೆ. ಹತ್ತು ವರ್ಷ ಸೇರಿಸಿದರೆ 20, 17, 13 ಸರಿಯಾಗಿ ಕೂಡುತ್ತದೆ. ಮಕ್ಕಳ ಹೆಸರೂ ಅದೇ, ಹುಟ್ಟಿದ ಕ್ರಮವೂ ಅದೇ. ದೊಡ್ಡ ಮಗಳು ಮಾತ್ರ ಕಾಣುವುದಿಲ್ಲ. 22 ವರ್ಷದ ಹುಡುಗಿ ಮದುವೆಯಾಗಿ ಹೋಗಿರುವ ಸಾಧ್ಯತೆಯೇ ಹೆಚ್ಚು. ಬೇಕರಿ ಕೆಲಸ ಎರಡರಲ್ಲೂ ಇದೆ. ದೇಶಕ್ಕೆ ಬಂದ ವರ್ಷ ಒಂದರಲ್ಲಿ 1881, ಇನ್ನೊಂದರಲ್ಲಿ 1882. ಒಬ್ಬ ಮನುಷ್ಯನ ಹೆಸರು ಇನ್ನೊಬ್ಬನಿಗೆ ಇರಬಹುದು. ಅದೇ ಹೆಸರಿನ, ಅದೇ ವಯಸ್ಸಿನ ಮೂರು ಮಕ್ಕಳು, ಅದೇ ಕಸುಬು, ಅದೇ ಊರು ಇಷ್ಟೂ ಒಟ್ಟಿಗೆ ಇನ್ನೊಬ್ಬನಿಗೆ ಇರುವುದು ಕಷ್ಟ. ಹಾಗಾಗಿ ಯಾವಾಗಲೂ ಮನೆಯನ್ನು ಹುಡುಕಿ. ಒಬ್ಬರ ಹೆಸರಿನ ಬೆನ್ನು ಹತ್ತಿದರೆ ದಾರಿ ತಪ್ಪುತ್ತದೆ.

ಹಾಗಾದರೆ ವಯಸ್ಸು? 1900ರ ಗಣತಿಯಲ್ಲಿ ಹುಟ್ಟಿದ ತಿಂಗಳು, ವರ್ಷ ಎರಡನ್ನೂ ಕೇಳಿದ್ದರು. ಅಲ್ಲಿ ಅಕ್ಟೋಬರ್ 1861 ಅಂತ ಇದೆ. ಆ ಲೆಕ್ಕಕ್ಕೆ 1910ರಲ್ಲಿ 48 ಆಗಬೇಕು. 45 ಅಂತ ಬರೆದಿದೆ. ಹತ್ತು ವರ್ಷದಲ್ಲಿ ಏಳೇ ವರ್ಷ ದೊಡ್ಡವರಾಗಿದ್ದಾರೆ. ಹೊಸ ಹೆಂಡತಿ ಚಿಕ್ಕವಳು, ಇವರು ವಯಸ್ಸು ಸ್ವಲ್ಪ ಕಡಿಮೆ ಹೇಳಿರಬಹುದು. ಅಥವಾ ಗಣತಿದಾರ ಬಂದಾಗ ಇವರು ಬೇಕರಿಯಲ್ಲಿದ್ದು, ಹೆಂಡತಿಯೋ ಮಗನೋ ಅಂದಾಜಿನಲ್ಲಿ ಹೇಳಿರಬಹುದು. ಬಾಗಿಲಿಗೆ ಬಂದವನಿಗೆ ಯಾರು ಉತ್ತರ ಕೊಟ್ಟರು ಅನ್ನುವುದು ಈ ಎರಡೂ ಹಾಳೆಗಳಲ್ಲಿ ಇಲ್ಲ. 1940ರ ಗಣತಿಯಲ್ಲಿ ಮಾತ್ರ ಮಾಹಿತಿ ಕೊಟ್ಟವರ ಹೆಸರಿನ ಮುಂದೆ ವೃತ್ತದೊಳಗೆ ಗುಣಾಕಾರದ ಗುರುತು ಹಾಕಿಸಿದ್ದರು. ನನ್ನ ಮಟ್ಟಿಗೆ ಅಮೆರಿಕದ ಸೆನ್ಸಸ್‌ನಲ್ಲೇ ಅತಿ ಉಪಯುಕ್ತವಾದ ಗುರುತು ಅದು.

ಇಂಗ್ಲೆಂಡಿನ 1841ರ ಗಣತಿಯಲ್ಲಂತೂ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಲು ಸೂಚನೆಯೇ ಇತ್ತು. 39 ಇದ್ದರೆ 35. ಇಂಥ ದಾಖಲೆಯಲ್ಲಿ ಎರಡು ಮೂರು ವರ್ಷದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮಕ್ಕಳ ವಯಸ್ಸು ಸಾಮಾನ್ಯವಾಗಿ ಸರಿ ಇರುತ್ತದೆ, ಅದನ್ನು ಹಿಡಿದುಕೊಳ್ಳಿ.

ಎಲ್ಲಿಸ್ ಐಲೆಂಡ್ ಕತೆಯನ್ನು ಇಲ್ಲೇ ಮುಗಿಸಿಬಿಡೋಣ. ಆ ಕೇಂದ್ರ ತೆರೆದದ್ದೇ 1892ರಲ್ಲಿ, ಅದೂ ನ್ಯೂಯಾರ್ಕ್‌ನಲ್ಲಿ. ಇವರು ಬಂದದ್ದು 1881ರ ಸುಮಾರಿಗೆ. ಬ್ರೆಮೆನ್‌ನಿಂದ ಹಡಗು ಹತ್ತಿ ಬಾಲ್ಟಿಮೋರ್‌ನ ಲೋಕಸ್ಟ್ ಪಾಯಿಂಟ್‌ನಲ್ಲೇ ಇಳಿದಿರುವ ಸಾಧ್ಯತೆ ಹೆಚ್ಚು. 1868ರಿಂದ ಆ ಎರಡು ಊರುಗಳ ನಡುವೆ ನೇರ ಹಡಗು ಓಡುತ್ತಿತ್ತು. ಅಷ್ಟಕ್ಕೂ ಎಲ್ಲಿಸ್ ಐಲೆಂಡ್‌ನ ಅಧಿಕಾರಿಗಳು ಹೆಸರು ಬರೆದುಕೊಳ್ಳುತ್ತಲೇ ಇರಲಿಲ್ಲ. ಹಡಗು ಹೊರಟ ಕಡೆ ತಯಾರಾದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪರೀಕ್ಷೆ ಮಾಡುತ್ತಿದ್ದರು ಅಷ್ಟೇ. ಹೆಸರು ಬದಲಿಸಿಕೊಂಡವರು ಆಮೇಲೆ ತಾವಾಗಿಯೇ ಬದಲಿಸಿಕೊಂಡರು. ಇದು ನಿಮ್ಮ 1920ರ ಸಮಸ್ಯೆಗೂ ಬೇಕಾಗುತ್ತದೆ, ಮುಂದೆ ಬರುತ್ತೇನೆ.

ಈಗ ಪತ್ರಿಕೆ. ಸುಮ್ನೆ ಹೆಸರು ಟೈಪ್ ಮಾಡಿ ಹುಡುಕಿದರೆ ಸಾವಿರಾರು ಶ್ನೈಡರ್‌ಗಳು ಬರುತ್ತಾರೆ, ನಿಮ್ಮವರು ಬರುವುದಿಲ್ಲ. ಮೊದಲು ಕಾಲವನ್ನು ಕಿರಿದು ಮಾಡಿಕೊಳ್ಳಿ. ಮೊದಲ ಹೆಂಡತಿ 1900ರ ಜೂನ್‌ನಲ್ಲಿ ಇದ್ದಾರೆ. 1910ರ ಏಪ್ರಿಲ್‌ಗೆ ಎರಡನೇ ಮದುವೆಯಾಗಿ ನಾಲ್ಕು ವರ್ಷ ತುಂಬಿದೆ. ಅಂದರೆ ಮದುವೆ 1905ರ ಏಪ್ರಿಲ್‌ನಿಂದ 1906ರ ಏಪ್ರಿಲ್ ಒಳಗೆ. ವಿಚ್ಛೇದನವೂ ಆಗಿರಬಹುದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಮಕ್ಕಳು ಮೂವರೂ ತಂದೆಯ ಹತ್ತಿರವೇ ಇರುವುದರಿಂದ ಸಾವು ಅಂತ ಇಟ್ಟುಕೊಂಡು ಶುರು ಮಾಡಿ. 1900ರ ಜೂನ್‌ನಿಂದ 1906ರ ಆರಂಭದವರೆಗೆ, ಆರು ವರ್ಷಕ್ಕಿಂತ ಕಡಿಮೆ ಅವಧಿ.

ಆರು ವರ್ಷದ ದಿನಪತ್ರಿಕೆ ತಿರುವುವ ಅಗತ್ಯವೂ ಇಲ್ಲ. ಬಾಲ್ಟಿಮೋರ್ ನಗರದಲ್ಲಿ 1875ರಿಂದಲೇ ಮರಣ ನೋಂದಣಿ ಇದೆ. ದಾಖಲೆಗಳು ಅನಾಪೊಲಿಸ್‌ನಲ್ಲಿರುವ ಮೇರಿಲ್ಯಾಂಡ್ ರಾಜ್ಯ ಪತ್ರಾಗಾರದಲ್ಲಿವೆ. ಮೊದಲು ಅಲ್ಲಿಂದ ತೀರಿಕೊಂಡ ದಿನಾಂಕ ತೆಗೆಸಿ. ಆಮೇಲೆ ಆ ದಿನದಿಂದ ಮೂರು ನಾಲ್ಕು ದಿನದ ಪತ್ರಿಕೆಗಳನ್ನು ಪುಟ ಪುಟವಾಗಿ ನೋಡಿ. ಮರಣ ಪ್ರಕಟಣೆ ಬರುವ ಜಾಗ ಪತ್ರಿಕೆಯಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ಇರುತ್ತದೆ. ಎರಡು ಸಂಚಿಕೆ ನೋಡುವಷ್ಟರಲ್ಲಿ ಕಣ್ಣು ಅಲ್ಲಿಗೇ ಹೋಗುತ್ತದೆ.

ಯಾವ ಪತ್ರಿಕೆ ಅಂತ ಕೇಳಿದರೆ, ಇಂಗ್ಲಿಷ್ ಪತ್ರಿಕೆಗಿಂತ ಮೊದಲು ಜರ್ಮನ್ ಪತ್ರಿಕೆಗೆ ಹೋಗಿ. ಬಾಲ್ಟಿಮೋರ್‌ನಲ್ಲಿ 1841ರಿಂದ 1918ರವರೆಗೆ ‘ಡೆರ್ ಡಾಯ್ಚ ಕರೆಸ್ಪಾಂಡೆಂಟ್’ ಅಂತ ಜರ್ಮನ್ ಪತ್ರಿಕೆ ಬರುತ್ತಿತ್ತು. ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ಸಂಗ್ರಹದಲ್ಲಿ ಅದನ್ನು ಉಚಿತವಾಗಿ ಓದಬಹುದು. ವಲಸೆ ಬಂದವರು ತಮ್ಮವರ ಸಾವು ಮದುವೆಗಳನ್ನು ತಮ್ಮ ಭಾಷೆಯ ಪತ್ರಿಕೆಯಲ್ಲೇ ವಿವರವಾಗಿ ಹಾಕಿಸುತ್ತಿದ್ದರು. ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಸಾಲು ಬಂದಿದ್ದರೆ ಇಲ್ಲಿ ಊರು, ತವರಿನ ಹೆಸರು, ಪಾದ್ರಿಯ ಹೆಸರು ಎಲ್ಲಾ ಬಂದಿರುತ್ತದೆ.

ಜರ್ಮನ್ ಬರುವುದಿಲ್ಲ ಅಂತ ಹೆದರಬೇಡಿ. ಮರಣ ಪ್ರಕಟಣೆಯಲ್ಲಿ ಬಳಸುವುದು ಅದೇ ಇಪ್ಪತ್ತು ಮೂವತ್ತು ಪದ. ಮುಖ್ಯವಾಗಿ ‘ಗೆಬ್’ (geb.) ಅನ್ನುವ ಮೂರಕ್ಷರದ ಸಂಕ್ಷೇಪ ಹುಡುಕಿ, ಅದರ ಪಕ್ಕದಲ್ಲಿ ಇರುವುದೇ ಹೆಂಗಸಿನ ತವರಿನ ಹೆಸರು. ಸೆನ್ಸಸ್‌ನಲ್ಲಿ ಎಲ್ಲೂ ಸಿಗದ ಮಾಹಿತಿ ಅದು. ನಿಜವಾದ ತೊಂದರೆ ಲಿಪಿಯದು. ಆಗ ಜರ್ಮನ್ ಪತ್ರಿಕೆಗಳು ಫ್ರಾಕ್ಟೂರ್ ಅನ್ನುವ ಹಳೆಯ ಅಚ್ಚಿನಲ್ಲಿ ಬರುತ್ತಿದ್ದವು. ಕಂಪ್ಯೂಟರ್ ಅದನ್ನು ಓದುವಾಗ ಎಸ್ ಅನ್ನು ಎಫ್ ಮಾಡುತ್ತದೆ, ಕೆ ಅನ್ನು ಟಿ ಮಾಡುತ್ತದೆ, ಬಿ ಮತ್ತು ವಿ ಅದಲುಬದಲು ಆಗುತ್ತವೆ. ಸರಿಯಾದ ಹೆಸರು ಕೊಟ್ಟರೂ ಹುಡುಕಾಟ ಖಾಲಿ ಬರುವುದು ಇದಕ್ಕೇ. ಅದಕ್ಕೇ ಮೊದಲು ದಿನಾಂಕ ತೆಗೆಸಿ ಅಂದದ್ದು.

ಇಂಗ್ಲಿಷ್ ಪತ್ರಿಕೆಗಳಲ್ಲೂ ಹುಡುಕುವ ರೀತಿ ಬದಲಿಸಬೇಕು. ಮದುವೆಯಾದ ಹೆಂಗಸರ ಸ್ವಂತ ಹೆಸರು ಆಗ ಎಷ್ಟೋ ಸಲ ಬರುತ್ತಲೇ ಇರಲಿಲ್ಲ, ಗಂಡನ ಹೆಸರಿನ ಹಿಂದೆ ‘ಮಿಸೆಸ್’ ಅಂತ ಸೇರಿಸಿದರೆ ಮುಗಿಯಿತು. ದೊಡ್ಡ ಮಗಳನ್ನು ಹುಡುಕಬೇಕಾದರೆ ಅಳಿಯನ ಹೆಸರೇ ಬೇಕು. ಮನೆಯ ವಿಳಾಸ ಹಾಕಿಯೂ ಹುಡುಕಿ ನೋಡಿ. 1900 ಮತ್ತು 1910ರ ಹಾಳೆಗಳ ಎಡ ಅಂಚಿನಲ್ಲಿ ಬೀದಿಯ ಹೆಸರನ್ನು ಉದ್ದಕ್ಕೆ ಬರೆದಿರುತ್ತಾರೆ, ಪಕ್ಕದಲ್ಲಿ ಮನೆ ನಂಬರ್ ಇರುತ್ತದೆ. ಶವಯಾತ್ರೆ ಇಂಥ ಮನೆಯಿಂದ ಹೊರಡುತ್ತದೆ ಅಂತ ಪ್ರಕಟಣೆಯಲ್ಲಿ ವಿಳಾಸ ಬರುತ್ತಿತ್ತು. ಹೆಸರು ಕೆಟ್ಟು ಹೋಗಿದ್ದರೂ ವಿಳಾಸ ಸರಿಯಾಗಿ ಉಳಿದಿರಬಹುದು.

ಪ್ರಕಟಣೆ ಸಿಕ್ಕಿದರೆ ಕೊನೆಯ ಸಾಲಿನವರೆಗೂ ಓದಿ. ‘ಫಿಲಡೆಲ್ಫಿಯಾದ ಪತ್ರಿಕೆಗಳು ದಯವಿಟ್ಟು ಇದನ್ನು ಪ್ರಕಟಿಸಲಿ’ ಅಂತ ಒಂದು ಸಾಲು ಎಷ್ಟೋ ಸಲ ಇರುತ್ತದೆ. ಅದು ಸುಮ್ಮನೆ ಹಾಕಿದ ಸಾಲಲ್ಲ, ಆ ಊರಿನಲ್ಲಿ ಸತ್ತವರ ಬಂಧುಗಳೋ ಪರಿಚಯದವರೋ ಇದ್ದಾರೆ ಅಂತ ಅರ್ಥ. ನಿಮ್ಮ ಮುಂದಿನ ಹುಡುಕಾಟ ಆ ಊರಿಗೆ ಹೋಗುತ್ತದೆ. ಅಂಚೆ ಕಚೇರಿಗೆ ಬಂದು ಯಾರೂ ತೆಗೆದುಕೊಂಡು ಹೋಗದ ಪತ್ರಗಳ ಪಟ್ಟಿ, ಮದುವೆ ಲೈಸೆನ್ಸ್ ಪಡೆದವರ ಪಟ್ಟಿ, ಆಸ್ತಿ ಹಂಚಿಕೆಯ ಕಾನೂನು ನೋಟಿಸು, ಇವೆಲ್ಲ ಓದಲು ಬೋರು. ಆದರೆ ದೊಡ್ಡ ಸುದ್ದಿಯಲ್ಲಿ ಬರದ ಸಾಮಾನ್ಯ ಜನ ಪತ್ರಿಕೆಗೆ ಬಂದದ್ದು ಅಲ್ಲೇ. ಅಂತರ್ಯುದ್ಧ ಮುಗಿದ ಮೇಲೆ ಗುಲಾಮಗಿರಿಯಿಂದ ಬಿಡುಗಡೆಯಾದವರು ಮಾರಾಟವಾಗಿ ಹೋದ ತಾಯಿಯನ್ನು, ಮಕ್ಕಳನ್ನು ಹುಡುಕಿ ಪತ್ರಿಕೆಗಳಿಗೆ ಜಾಹೀರಾತು ಕೊಟ್ಟರು. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಹೆಚ್ಚಿನ ಕಡೆ ಮಾಲೀಕನ ಹೆಸರಷ್ಟೇ ಇದೆ, ಅವರದು ಬರೀ ವಯಸ್ಸು, ಲಿಂಗ, ಬಣ್ಣ. ಅವರ ವಂಶಸ್ಥರಿಗೆ 1870ಕ್ಕಿಂತ ಹಿಂದೆ ಹೋಗಲು ಆ ಜಾಹೀರಾತುಗಳು ದೊಡ್ಡ ಆಸರೆ.

1900ರ ಹಾಳೆಯಲ್ಲಿ ನೀವು ಗಮನಿಸದ ಇನ್ನೊಂದು ವಿಷಯ ಇದೆ. ಮೊದಲ ಹೆಂಡತಿಗೆ ಹುಟ್ಟಿದ ಮಕ್ಕಳು 6, ಬದುಕಿರುವವರು 4. ಮದುವೆಯಾಗಿ ಆಗ 14 ವರ್ಷ. ಅಂದರೆ 1886ರ ಆಸುಪಾಸಿನಿಂದ 1900ರ ಒಳಗೆ ಇಬ್ಬರು ಮಕ್ಕಳು ಹುಟ್ಟಿ ತೀರಿಕೊಂಡಿದ್ದಾರೆ. 10 ಮತ್ತು 7ರ ನಡುವೆ, 7 ಮತ್ತು 3ರ ನಡುವೆ ಅಂತರ ಜಾಸ್ತಿ ಇದೆ, ಅಲ್ಲಿ ಮೊದಲು ನೋಡಿ. ಎರಡು ಗಣತಿಗಳ ಮಧ್ಯೆ ಹುಟ್ಟಿ ಹೋದ ಮಕ್ಕಳ ಹೆಸರು ಯಾವ ಸೆನ್ಸಸ್‌ನಲ್ಲೂ ಇರುವುದಿಲ್ಲ. ನಗರದ ಮರಣ ದಾಖಲೆ ಮತ್ತು ಆ ಜರ್ಮನ್ ಪತ್ರಿಕೆ, ಇವೇ ಮುಖ್ಯ ದಾರಿ. ಮೊಮ್ಮಗಳ ವಂಶವೃಕ್ಷದಲ್ಲಿ ಅವರಿಗೂ ಜಾಗ ಬಿಡಿ.

1890ರ ಗಣತಿ ಯಾಕೆ ಸಿಗುತ್ತಿಲ್ಲ ಅಂತ ತಲೆ ಚಚ್ಚಿಕೊಳ್ಳಬೇಡಿ. ವಾಷಿಂಗ್ಟನ್‌ನ ಕಟ್ಟಡದಲ್ಲಿ 1921ರ ಜನವರಿಯಲ್ಲಿ ಬೆಂಕಿ ಬಿದ್ದು ಬಹುಪಾಲು ಹಾಳಾಯಿತು. ಉಳಿದದ್ದನ್ನು ಆಮೇಲೆ ಸರ್ಕಾರವೇ ನಾಶ ಮಾಡಿಸಿತು. ಇಡೀ ದೇಶದಲ್ಲಿ ಈಗ ಉಳಿದಿರುವುದು ಸುಮಾರು 6,000 ಹೆಸರು. ಬೆಂಕಿಗೂ ಸೆನ್ಸಸ್‌ಗೂ ಅದೇನು ಋಣಾನುಬಂಧವೋ, ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಗಣತಿ 1942ರಲ್ಲಿ ಸುಟ್ಟಿತು, ಐರ್ಲೆಂಡಿನ 1821ರಿಂದ 1851ರವರೆಗಿನ ಗಣತಿಗಳು ಬಹುಪಾಲು 1922ರ ಡಬ್ಲಿನ್ ಬೆಂಕಿಯಲ್ಲಿ ಹೋದವು. ನಿಮ್ಮ ವಿಷಯದಲ್ಲಿ 1881ರಿಂದ 1900ರವರೆಗೆ 19 ವರ್ಷ ಖಾಲಿ. ಅದನ್ನು ತುಂಬಲು ನಗರದ ಡೈರೆಕ್ಟರಿಗಳಿವೆ. ವರ್ಷ ವರ್ಷ ಬರುತ್ತಿದ್ದ ಈ ಪುಸ್ತಕಗಳಲ್ಲಿ ಹೆಸರು, ಕಸುಬು, ವಿಳಾಸ ಇರುತ್ತದೆ. ಹಿಂದಿನಿಂದ ಮುಂದಕ್ಕೆ ನೋಡುತ್ತಾ ಬಂದರೆ ಇವರು ಬಾಲ್ಟಿಮೋರ್‌ನಲ್ಲಿ ಮೊದಲು ಕಾಣಿಸಿದ ವರ್ಷ ಗೊತ್ತಾಗುತ್ತದೆ.

ಅದೇ ಡೈರೆಕ್ಟರಿ 1920ರ ಗಂಟನ್ನೂ ಬಿಡಿಸಬಹುದು. 1910ರಿಂದ ಒಂದೊಂದೇ ವರ್ಷ ಮುಂದೆ ಬನ್ನಿ. ಒಂದು ವರ್ಷ ಇವರ ಹೆಸರು ಹೋಗಿ, ಹೆಂಡತಿಯ ಹೆಸರಿನ ಪಕ್ಕ ಆವರಣದಲ್ಲಿ ‘ವಿಡ್’ ಅಂತ ಹಾಕಿ ಇವರ ಹೆಸರು ಬರೆದಿದ್ದರೆ, ವಿಧವೆ ಅಂತ ಅರ್ಥ. ಸಾವಿನ ವರ್ಷ ಅಲ್ಲೇ ಸಿಕ್ಕಿತು. ಹಾಗೆ ಆಗದೆ, 1917-18ರಲ್ಲಿ ಶ್ನೈಡರ್ ಕುಟುಂಬವೇ ಮಾಯವಾಗಿ ಅದೇ ವಿಳಾಸದಲ್ಲಿ ಬೇರೆ ಹೆಸರಿನ ಬೇಕರಿಯವರು ಕಾಣಿಸಿದರೆ, ಹೆಸರು ಬದಲಾಗಿದೆ ಅಂತ ಅನುಮಾನಿಸಿ. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದ ಮೇಲೆ ಜರ್ಮನ್ ಹೆಸರು ಇಟ್ಟುಕೊಂಡಿರುವುದೇ ಕಷ್ಟವಾಗಿತ್ತು. ಬಾಲ್ಟಿಮೋರ್‌ನ ‘ಜರ್ಮನ್ ಸ್ಟ್ರೀಟ್’ 1918ರಲ್ಲಿ ‘ರೆಡ್‌ವುಡ್ ಸ್ಟ್ರೀಟ್’ ಆಯಿತು. ಬೀದಿಗೇ ಹೀಗಾದ ಮೇಲೆ ಅಂಗಡಿ ಇಟ್ಟುಕೊಂಡ ಮನುಷ್ಯನ ಪಾಡೇನು?

ಶ್ನೈಡರ್ ‘ಸ್ನೈಡರ್’ ಆಗಿದ್ದರೆ ಹುಡುಕುವುದು ಸುಲಭ. ಸೌಂಡೆಕ್ಸ್ ಅಂತ ಒಂದು ಪದ್ಧತಿ ಇದೆ. ಹೆಸರನ್ನು ಉಚ್ಚಾರಣೆಯ ಪ್ರಕಾರ ಒಂದು ಅಕ್ಷರ, ಮೂರು ಅಂಕಿಗೆ ಇಳಿಸುತ್ತದೆ. ಈ ಎರಡೂ ಹೆಸರಿಗೆ ಒಂದೇ ಸಂಕೇತ, ಎಸ್536. ಹುಡುಕುವಾಗ ಆ ಆಯ್ಕೆ ಹಾಕಿಕೊಂಡರೆ ಎರಡೂ ಬರುತ್ತವೆ. ಆದರೆ ಶ್ನೈಡರ್ ಅಂದರೆ ದರ್ಜಿ, ಅದನ್ನೇ ಅನುವಾದಿಸಿ ಇಂಗ್ಲಿಷಿನ ‘ಟೇಲರ್’ ಅಂತ ಇಟ್ಟುಕೊಂಡಿದ್ದರೆ ಸೌಂಡೆಕ್ಸ್ ಕೈ ಕೊಡುತ್ತದೆ. ಆಗ ಮನೆತನದ ಹೆಸರನ್ನು ಬಿಟ್ಟೇಬಿಡಿ. ಬಾಲ್ಟಿಮೋರ್‌ನಲ್ಲಿ 1920ರಲ್ಲಿದ್ದ, ಜರ್ಮನಿಯಲ್ಲಿ ಹುಟ್ಟಿದ ತಂದೆಯ, 1908ರ ಸುಮಾರಿನ ಆ ಕಿರಿ ಹುಡುಗನ ಬರೀ ಮೊದಲ ಹೆಸರು ಹಾಕಿ ಹುಡುಕಿ. ಅದೂ ಆಗದಿದ್ದರೆ ಡೈರೆಕ್ಟರಿಯ ವಿಳಾಸದಿಂದ ಗಣತಿ ಬ್ಲಾಕ್‌ನ ನಂಬರ್ ಕಂಡುಹಿಡಿದು ಆ ಬ್ಲಾಕ್‌ನ ಹಾಳೆಗಳನ್ನು ಒಂದೊಂದಾಗಿ ಓದಬೇಕು. ವಿಳಾಸದಿಂದ ನಂಬರ್ ತೆಗೆಯಲು ಸ್ಟೀಫನ್ ಮೋರ್ಸ್ ಅವರ ಉಚಿತ ತಾಣ ಇದೆ. ಒಂದು ಸಂಜೆಯ ಕೆಲಸ, ಬೇಜಾರಿನ ಕೆಲಸ, ಆದರೆ ಇಂಡೆಕ್ಸ್ ಮಾಡಿದವರು ಹೆಸರನ್ನು ತಪ್ಪಾಗಿ ಓದಿದ್ದರೂ ಇದರಲ್ಲಿ ಸಿಕ್ಕೇ ಸಿಗುತ್ತದೆ. ಇನ್ನು ವಯಸ್ಸಾದ ತಂದೆ ಮದುವೆಯಾದ ಮಗಳ ಮನೆಯಲ್ಲಿ ‘ಮಾವ’ ಅಂತ ದಾಖಲಾಗಿರುವುದೂ ಉಂಟು. ದೊಡ್ಡ ಮಗಳನ್ನು ಹುಡುಕಿ ಅಂದದ್ದು ಅದಕ್ಕೂ ಸೇರಿ.

ನಮ್ಮ ಜನಗಣತಿಯ ಬಗ್ಗೆ ಕೇಳಿದಿರಿ. ಅಲ್ಲಿ ಈ ದಾರಿ ಇಲ್ಲ. ಭಾರತದಲ್ಲಿ 1872ರಲ್ಲಿ ಗಣತಿ ಶುರುವಾಯಿತು, 1881ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯಿತು. ಆದರೆ ಅಂಕಿಅಂಶ ತೆಗೆದ ಮೇಲೆ ಹಳೆಯ ಮನೆ ಮನೆಯ ಪಟ್ಟಿಗಳನ್ನು ಜನ ನೋಡಲು ಇಟ್ಟುಕೊಂಡು ಬರಲಿಲ್ಲ. ನಮಗೆ ಸಿಗುವುದು ಜಿಲ್ಲೆ, ತಾಲ್ಲೂಕಿನ ಕೋಷ್ಟಕಗಳು. 1948ರ ಜನಗಣತಿ ಕಾಯ್ದೆಯ ಪ್ರಕಾರ ವ್ಯಕ್ತಿಯೊಬ್ಬರ ಮಾಹಿತಿ ಗುಟ್ಟು, ಅದನ್ನು ಯಾರೂ ತೆಗೆದು ನೋಡುವಂತಿಲ್ಲ. ಅಮೆರಿಕದಲ್ಲೂ ಗುಟ್ಟೇ, ಆದರೆ 72 ವರ್ಷ ಮಾತ್ರ. ಆಮೇಲೆ ಹೆಸರು ಸಮೇತ ಎಲ್ಲರಿಗೂ ತೆರೆದುಬಿಡುತ್ತಾರೆ.

ಕೊನೆಗೆ ಜರ್ಮನಿಯ ಊರು. ಸೆನ್ಸಸ್‌ನಲ್ಲಿ ‘ಜರ್ಮನಿ’ ಅಂತ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಬ್ರೆಮೆನ್‌ನ ಹಡಗು ಪಟ್ಟಿಗಳು ಬಹುಪಾಲು ಉಳಿದಿಲ್ಲ, ಹಳೆಯದನ್ನು ಜಾಗ ಸಾಲದೆ ಅವರೇ ನಾಶ ಮಾಡಿಬಿಟ್ಟರು. 1906ಕ್ಕಿಂತ ಮೊದಲು ಪೌರತ್ವ ಪಡೆದಿದ್ದರೆ ಆ ಕಾಗದದಲ್ಲೂ ಊರಿನ ಹೆಸರು ಇರುವುದು ಅಪರೂಪ. ಆ ವರ್ಷದ ಕಾನೂನು ಬಂದ ಮೇಲೆಯೇ ವಿವರವಾದ ಫಾರಂ ಬಂದದ್ದು. 1910ರ ಹಾಳೆಯಲ್ಲಿ ಪೌರತ್ವದ ಕಾಲಂನಲ್ಲಿ ‘ಎನ್ಎ’ ಅಂತ ಇರುವುದರಿಂದ ಅಷ್ಟರೊಳಗೆ ಆಗಿಹೋಗಿದೆ. ಯಾವ ವರ್ಷ ಅನ್ನುವುದು 1920ರ ಹಾಳೆ ಸಿಕ್ಕರೆ ಗೊತ್ತಾಗುತ್ತದೆ, ಆ ಗಣತಿಯಲ್ಲಿ ಪೌರತ್ವ ಸಿಕ್ಕ ವರ್ಷವನ್ನೂ ಕೇಳಿದ್ದರು. ಹಾಗಾಗಿ ಊರು ಸಿಗುವ ಭರವಸೆ ಇರುವುದು ಚರ್ಚ್‌ನಲ್ಲಿ. ಮೊದಲ ಹೆಂಡತಿಯ ಪ್ರಕಟಣೆಯಲ್ಲಿ ಪಾದ್ರಿಯ ಹೆಸರು ಸಿಕ್ಕರೆ ಅವರು ಯಾವ ಚರ್ಚ್‌ನವರು ಅಂತ ಡೈರೆಕ್ಟರಿಯಲ್ಲೇ ಇರುತ್ತದೆ. ಆ ಚರ್ಚ್‌ನ ಮದುವೆ, ನಾಮಕರಣದ ಪುಸ್ತಕಗಳಲ್ಲಿ ಜರ್ಮನ್ ಪಾದ್ರಿಗಳು ಹುಟ್ಟೂರನ್ನು ಬರೆಯುವ ರೂಢಿ ಇತ್ತು.

ಅಷ್ಟರಲ್ಲಿ ಇನ್ನೊಂದು ಕೆಲಸ ಮನೆಯಲ್ಲೇ ಕೂತು ಮಾಡಿ. 1950ರ ಸೆನ್ಸಸ್ 2022ರ ಏಪ್ರಿಲ್ 1ರಂದು ತೆರೆದಿದೆ, ಉಚಿತವಾಗಿ ನೋಡಬಹುದು. 1910ರಲ್ಲಿ ಎರಡು ವರ್ಷದವನಿದ್ದ ಆ ಕಿರಿ ಹುಡುಗನಿಗೆ ಆಗ 42 ಆಗಿರುತ್ತದೆ. ಅವನು ಅಲ್ಲಿ ಯಾವ ಮನೆತನದ ಹೆಸರಿನಲ್ಲಿ ಸಿಗುತ್ತಾನೋ ನೋಡಿ, ಆ ಹೆಸರು ಹಿಡಿದು 1920ಕ್ಕೆ ಹಿಂದೆ ಬನ್ನಿ.